ಕಿವಿಗೆ ಬೀಳುವ ಮೊದಲೇ ಡಬ್ಬಿಗೆ ಬಿದ್ದ ಹೆಸರು

ನಮ್ಮ ಮೊಮ್ಮಗಳ ಹೆಸರು ಅವಳ ಕಿವಿಗೆ ಬೀಳುವ ಇಪ್ಪತ್ತು ದಿನ ಮೊದಲೇ ಒಂದು ಡಬ್ಬಿಯ ಕಿವಿಗೆ ಬಿತ್ತು.

ಆ ಡಬ್ಬಿಗೆ ನಿಜವಾಗಿ ಕಿವಿ ಇದೆ. ಒಂದೇ ಕಿವಿ, ಕಪ್ಪು ಬಣ್ಣದ್ದು, ನೆಟ್ಟಗೆ ನಿಂತದ್ದು. ಟಿವಿಯ ಪಕ್ಕದಲ್ಲಿ ಕೂತು ದಿನವಿಡೀ ಹಸಿರು ಕಣ್ಣು ಮಿಟುಕಿಸುತ್ತದೆ. ಮಣಿಪಾಲದ ನಮ್ಮ ಮನೆಗೆ ವೈಫೈ ಬಂದಿದೆ ಎಂದರೆ ಈ ಡಬ್ಬಿ ಬಂದಿದೆ ಎಂದು ಅರ್ಥ.

(ಕಳೆದ ಮೂರು ವಾರ ಈ ಜಾಗದಲ್ಲಿ ಮಗುವಿನ ವಿಷಯವನ್ನೇ ಬರೆದಿದ್ದೆ. ಮೊದಲ ವಾರ ಮಗು ನಕ್ಕದ್ದು. ಎರಡನೇ ವಾರ ಮಗು ತನ್ನ ಕೈಯನ್ನೇ ನೋಡಿ ಆಶ್ಚರ್ಯಪಟ್ಟದ್ದು. ಮೂರನೇ ವಾರ ಮಗು ಮತ್ತೆ ನಕ್ಕದ್ದು. ಸಂಪಾದಕರು ಫೋನ್ ಮಾಡಿ, "ಅಮ್ಮಾ, ಈ ಸಲ ಬೇರೆ ಎಂತಾದರೂ ಬರೆಯಿರಿ. ಓದುಗರ ಮನೆಯಲ್ಲೂ ಮೊಮ್ಮಕ್ಕಳು ಇರ್ತಾರೆ ಅಲ್ವಾ?" ಎಂದರು. ಆಗಲಿ. ಈ ವಾರ ವೈಫೈ. ಮಧ್ಯದಲ್ಲಿ ಮಗು ಬಂದರೆ ನನ್ನ ತಪ್ಪಲ್ಲ.)

ವೈಫೈ ಬೇಕಾದದ್ದು ಸೊಸೆ ವೀಣಾಳಿಗೆ. ಎಲ್ಲಿಯೋ ದೂರದ ಆಸ್ಪತ್ರೆಯ ಡಾಕ್ಟರರು ಮಾತಾಡಿದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಮೊದಲು ಆಫೀಸಿಗೆ ಹೋಗುತ್ತಿದ್ದಳು. ಮಗು ಆದ ಮೇಲೆ ಮನೆಯಿಂದಲೇ ಮಾಡಿ ಎಂದರು. ಮಗು ತೊಟ್ಟಿಲಲ್ಲಿ, ತಾಯಿ ಪಕ್ಕದಲ್ಲಿ, ನಾನು ಇಬ್ಬರ ನಡುವೆ. ಇದಕ್ಕಿಂತ ಹೆಚ್ಚಿನ ಭಾಗ್ಯ ನನಗೆ ಬೇಡ. ಆದರೆ ಕಂಪೆನಿಯವರದು ಒಂದು ಕಂಡೀಷನ್ ಇತ್ತು. ಅದು ರೋಗಿಗಳ ಗುಟ್ಟು. ಆದ್ದರಿಂದ ಮನೆಯ ನೆಟ್ಟಿಗೆ ಗಟ್ಟಿ ಬೀಗ ಇರಬೇಕು.

ಡಬ್ಬಿ ಕೂರಿಸಲು ಬಂದವನು ವೀಣಾಳ ಕಂಪ್ಯೂಟರಿನ ಮುಂದೆ ಕೂತು ಕೇಳಿದ: "ಪಾಸ್‌ವರ್ಡ್ ಎಂತ ಹಾಕುದು? ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಶಬ್ದ ಹೇಳಿ. ಬೇರೆ ಯಾರಿಗೂ ಗೊತ್ತಿರಬಾರದು. ಎಂಟು ಅಕ್ಷರಕ್ಕಿಂತ ಕಮ್ಮಿ ಬೇಡ."

ಮಗ ಹರೀಶ ನನ್ನ ಮುಖ ನೋಡಿದ. ನಾನು ವೀಣಾಳ ಮುಖ ನೋಡಿದೆ. ವೀಣಾ ತೊಟ್ಟಿಲು ನೋಡಿದಳು.

ನೀವೇ ಹೇಳಿ. ಇಪ್ಪತ್ತು ವರ್ಷ ಮೆಸ್ ನಡೆಸಿದ ಮನೆ ನಮ್ಮದು. ನನ್ನ ಸಾಂಬಾರಿನ ಪುಡಿಗೆ ಎಂತ ಹಾಕುತ್ತೇನೆ ಎಂದು ಇಡೀ ಮಣಿಪಾಲಕ್ಕೆ ಗೊತ್ತು. ನನ್ನ ಮಂಡಿನೋವು ಯಾವ ಕಾಲಿನದು ಎಂದು ಬಸ್ಸಿನ ಕಂಡಕ್ಟರಿಗೂ ಗೊತ್ತು. ಇಂಥ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಶಬ್ದ ಎಲ್ಲಿಂದ ತರುವುದು? ಇದ್ದದ್ದು ಒಂದೇ ಒಂದು. ಮಗುವಿಗೆ ಇಡಬೇಕು ಎಂದು ಆರಿಸಿಟ್ಟ ಹೆಸರು.

ಹರೀಶ ಬೆರಳು ಮಡಚಿ ಲೆಕ್ಕ ಹಾಕಿದ. ಇಂಗ್ಲಿಷಿನಲ್ಲಿ ಸರಿಯಾಗಿ ಎಂಟೇ ಅಕ್ಷರ. ಬಂದವನನ್ನು ಎಬ್ಬಿಸಿ, ಅವನ ಬೆನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿ, ತಾನೇ ಕೂತು ಒತ್ತಿದ.

ನಮಗೆ ಎಷ್ಟು ಖುಷಿಯಾಯಿತು ಎಂದರೆ, ಮೂವರೂ ಸೇರಿ ಏನೋ ದೊಡ್ಡ ಬುದ್ಧಿವಂತಿಕೆ ಮಾಡಿದ ಹಾಗೆ ನಕ್ಕೆವು.

ಈಗ ಆ ಹೆಸರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಮಗುವಿನ ತಂದೆಯ ಅಕ್ಕ ಅಥವಾ ತಂಗಿ. ಅವಳು ಹೇಳುವ ತನಕ ಉಳಿದವರು ಆ ಹೆಸರು ಬಾಯಿಬಿಟ್ಟು ಕರೆಯುವ ಹಾಗಿಲ್ಲ. ಪುಟ್ಟಿ ಎನ್ನಿ, ಚಿನ್ನ ಎನ್ನಿ, ಕೋಪ ಬಂದರೆ ಮಂಗ ಎನ್ನಿ, ತೊಂದರೆಯಿಲ್ಲ. ಹೆಸರು ಮಾತ್ರ ಅತ್ತೆಯ ಪಾಲಿನದು.

ನಮ್ಮ ಪುಟ್ಟಿಯ ಅತ್ತೆ ಎಂದರೆ ನನ್ನ ಮಗಳು ಸುಜಯ. ಮದುವೆಯಾಗಿ ಕಾರ್ಕಳದಲ್ಲಿದ್ದಾಳೆ. ಹೆಸರು ಆರಿಸಿದವಳೂ ಅವಳೇ.

ಎರಡು ವರ್ಷದ ಹಿಂದೆ ಕಾಪುವಿನ ನನ್ನ ಮೈದುನನ ಮನೆಯಲ್ಲಿ ಇದೇ ಹೆಸರಿಡುವ ಕಾರ್ಯ ಇತ್ತು. ಮೈದುನನ ಮಗನಿಗೆ ಸ್ವಂತ ಅಕ್ಕತಂಗಿ ಇಲ್ಲ. ಹಾಗಾಗಿ ಅವನ ಮಗುವಿಗೆ ನಮ್ಮ ಸುಜಯಳೇ ಅತ್ತೆ ಎಂದು ಕರೆದರು. ಇವಳು ಹೊಸ ಸೀರೆ ಉಟ್ಟು, ಕಾರ್ಕಳದಿಂದ ಎರಡು ಬಸ್ಸು ಹತ್ತಿ ಹೋದಳು. ಹೋಗಿ ನೋಡಿದರೆ ಗೋಡೆಯ ಮೇಲೆ ಥರ್ಮಾಕೋಲಿನಲ್ಲಿ ಹೆಸರು ಕತ್ತರಿಸಿ, ಮಿನುಗುವ ಪುಡಿ ಹಾಕಿ, ಬಲೂನಿನ ನಡುವೆ ಅಂಟಿಸಿದ್ದರು. ಇವಳು ಬಗ್ಗಿ ಮಗುವಿನ ಕಿವಿಗೆ ಬಾಯಿ ಇಡುವ ಮೊದಲೇ ಮಕ್ಕಳೆಲ್ಲ ಹೆಸರು ಹಿಡಿದು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಗ್ಗಿದವಳು ಹಾಗೆಯೇ ಎದ್ದಳು.

ಆಮೇಲೆ ಎಲ್ಲರ ಜೊತೆ ಊಟ ಮಾಡಿದಳು, ಪಾಯಸ ಎರಡನೇ ಸಲ ಹಾಕಿಸಿಕೊಂಡಳು. ಹಿಂದೆ ಹೋಗುವಾಗ ಅವಳನ್ನು ಬಸ್ಸು ಹತ್ತಿಸಲು ನಾನೂ ಜೊತೆಗೆ ಹೋದೆ. ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸಿಗೆ ಕಾಯುತ್ತ ನಿಂತಾಗ, ಆ ಜನಸಂದಣಿಯ ಮಧ್ಯೆ, "ನನ್ನನ್ನು ಎಂತಕ್ಕೆ ಕರೆದದ್ದು ಅಮ್ಮ?" ಎಂದು ಕೇಳಿ ಅತ್ತುಬಿಟ್ಟಳು.

ಆವತ್ತೇ ನಾನು ನಿಶ್ಚಯ ಮಾಡಿದ್ದೆ. ನಮ್ಮ ಹರೀಶನಿಗೆ ಮಗು ಆದಾಗ ಸುಜಯಳಿಗೆ ಹೀಗಾಗಬಾರದು. ಅವಳು ಮೊದಲು ಹೇಳಬೇಕು. ಆಮೇಲೆಯೇ ಊರು ಹೇಳಬೇಕು.

ಇಷ್ಟೆಲ್ಲ ನಿಶ್ಚಯ ಮಾಡಿದವಳು ಅದೇ ಹೆಸರನ್ನು ತೆಗೆದು ಬೀಗದ ಕೀಲಿ ಮಾಡಿದೆ! ಬೀಗದ ಕೀಲಿಯನ್ನು ಜನ ಕೇಳುತ್ತಾರೆ ಎಂಬ ಬುದ್ಧಿ ಯಾಕೆ ಬರಲಿಲ್ಲ?

ಕೇಳಿದರು. ಮಗುವನ್ನು ನೋಡಲು ಬಂದವರೆಲ್ಲ ಕೇಳಿದರು. ಮೊದಲೆಲ್ಲ ಮನೆಗೆ ಬಂದವರು ಬೆಲ್ಲ ನೀರು ಕುಡಿದು ಫ್ಯಾನಿನ ಕೆಳಗೆ ಕೂರುತ್ತಿದ್ದರು. ಈಗ ಮೊದಲು ಡಬ್ಬಿಯನ್ನು ನೋಡುತ್ತಾರೆ. ಕುವೈತಿನಿಂದ ರಜೆಯಲ್ಲಿ ಬಂದಿದ್ದ ಪಕ್ಕದ ಮನೆಯ ಲಾರೆನ್ಸ್ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡೇ ಬಂದರು. ಮಗುವಿನ ಕೈಗೆ ಆಟಿಕೆ ಕೊಟ್ಟರು. ಆಮೇಲೆ ಮೆಲ್ಲ ಕೇಳಿದರು.

"ಅಕ್ಕಾ, ನಿಮ್ಮ ವೈಫೈ ಪಾಸ್‌ವರ್ಡ್ ಎಂತ?"

"ಅದು ಹೇಳ್ಲಿಕ್ಕೆ ಆಗುದಿಲ್ಲ ಲಾರೆನ್ಸ್."

"ಎಂತ ಅಕ್ಕಾ, ನಲವತ್ತು ವರ್ಷದ ನೆರೆಕರೆ! ನಿಮ್ಮ ಬಾವಿಯ ನೀರು ಕುಡಿದು ದೊಡ್ಡ ಆದವ ನಾನು. ನೀರು ಕೊಟ್ಟವರು ನೆಟ್ ಕೊಡುದಿಲ್ವಾ?"

"ನೀರಿಗೆ ಪಾಸ್‌ವರ್ಡ್ ಇರಲಿಲ್ಲ."

"ಹಾಗಾದ್ರೆ ನೀವೇ ಒತ್ತಿಕೊಡಿ, ನಾನು ಕಣ್ಣು ಮುಚ್ತೇನೆ."

ಒತ್ತಿಕೊಡಲು ನನಗೆ ಬರಬೇಕಲ್ಲ? ನಾನು ಐದನೇ ಕ್ಲಾಸಿನ ತನಕ ಓದಿದ್ದು, ಅದೂ ಕನ್ನಡದಲ್ಲಿ. ಇಂಗ್ಲಿಷ್ ಅಕ್ಷರವನ್ನು ಬಸ್ಸಿನ ಬೋರ್ಡಿನಲ್ಲಿ ಕನ್ನಡದ ಪಕ್ಕ ನೋಡಿದ್ದೇನೆ, ಅಷ್ಟೆ. ಲಾರೆನ್ಸ್ ನಗುತ್ತಲೇ ಹೋದರು. ಆದರೆ ಗೇಟಿನ ಹತ್ತಿರ ನಿಂತು, "ಮೊಮ್ಮಗಳು ಬಂದ ಮೇಲೆ ಅಕ್ಕ ಬದಲಾದ್ರು ಮಾರಾಯ" ಎಂದು ಆಗಷ್ಟೇ ಮನೆಗೆ ಬರುತ್ತಿದ್ದ ಹರೀಶನಿಗೆ ಹೇಳಿದ್ದು ನನಗೆ ಕೇಳಿಸಿತು.

ಹೇಳಿದರೆ ಹೇಳಲಿ. ಹೆಸರಿಡುವುದಕ್ಕೆ ಹನ್ನೆರಡು ದಿನ ಇತ್ತು.

ಮರುದಿನವೇ ಪರೀಕ್ಷೆ ಬಂತು. ಹರೀಶ ಮತ್ತು ವೀಣಾ ಪುಟ್ಟಿಗೆ ಚುಚ್ಚುಮದ್ದು ಹಾಕಿಸಲು ಉಡುಪಿಗೆ ಹೋಗಿದ್ದರು. ನಾನು ಒಬ್ಬಳೇ ಚಾವಡಿಯಲ್ಲಿ ಕೂತು ಮಗುವಿನ ಬಟ್ಟೆ ಮಡಚುತ್ತಿದ್ದೆ. ಆಗ ಮಹಡಿಯ ಮೇಲಿನಿಂದ ರೇಣುಕಾ ಓಡಿ ಬಂದಳು.

ರೇಣುಕಾ ಗದಗದ ಕಡೆಯ ಹುಡುಗಿ. ನರ್ಸಿಂಗ್ ಓದಲು ಬಂದವಳು ನಮ್ಮ ಮಹಡಿಯ ರೂಮಿನಲ್ಲಿ ಮೂರು ವರ್ಷದಿಂದ ಬಾಡಿಗೆಗೆ ಇದ್ದಾಳೆ. ಅವಳ ಅಪ್ಪ ಇಲ್ಲಿಯೇ ಕಟ್ಟಡದ ಕೆಲಸಕ್ಕೆ ಬಂದವರು. ಅವಳ ಕೈಯಲ್ಲಿ ಗೆಳತಿಯಿಂದ ಕೇಳಿ ತಂದ ಲ್ಯಾಪ್‌ಟಾಪ್ ಇತ್ತು.

"ಅಜ್ಜಿ, ನೆಟ್ ಬೇಕಾಗಿತ್ರಿ. ಆಸ್ಪತ್ರೆ ನೌಕರಿಗೆ ಅರ್ಜಿ ಹಾಕೂದು ಇವತ್ತ ಕಡೀ ದಿನ. ಒಂದ್ ಗಂಟೆಕ್ಕ ಬಂದ್ ಆಕ್ಕೈತ್ರಿ. ಸೈಬರಿಗೆ ಹೋಗಿದ್ದೆ, ಪ್ಯಾಟ್ಯಾಗ ಕರೆಂಟೇ ಇಲ್ಲ."

ಗಂಟೆ ನೋಡಿದೆ. ಹನ್ನೆರಡು ಹತ್ತು. ನಮ್ಮಲ್ಲೂ ಕರೆಂಟು ಇರಲಿಲ್ಲ, ಆದರೆ ವೀಣಾಳ ಕೆಲಸಕ್ಕೆಂದು ಇನ್ವರ್ಟರ್ ಹಾಕಿಸಿದ್ದೆವು. ಡಬ್ಬಿ ಹಸಿರು ಕಣ್ಣು ಮಿಟುಕಿಸುತ್ತಲೇ ಇತ್ತು.

ಇವಳಿಗೆ ಇಲ್ಲ ಎನ್ನುವುದು ಹೇಗೆ? ಹೌದು ಎಂದರೆ ಸುಜಯ ಹೇಳಬೇಕಾದ ಹೆಸರು ಅವಳಿಗಿಂತ ಮೊದಲು ನನ್ನ ಬಾಯಿಂದ, ಅದೂ ಮಹಡಿ ಮೇಲಿನ ಹುಡುಗಿಗೆ.

ಹರೀಶನಿಗೆ ಫೋನ್ ಮಾಡಿದೆ.

"ಹೇಳಿಬಿಡಮ್ಮ," ಎಂದ. "ಒಂದು ಹುಡುಗಿ ಅಲ್ವಾ? ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದೆ."

ಆ ಕಡೆ ಆಸ್ಪತ್ರೆಯ ಗಲಾಟೆ, ಮಧ್ಯದಲ್ಲಿ ನಮ್ಮ ಪುಟ್ಟಿಯ ಅಳು. (ಆಗಲೇ ಚುಚ್ಚಿದರಂತೆ. ಎರಡೇ ನಿಮಿಷ ಅತ್ತಳಂತೆ. ಜಾಣೆ.) ಆಮೇಲೆ ಹರೀಶ ಹೇಳಿದ, "ಹಾಗಾದ್ರೆ ಒಂದು ಕೆಲಸ ಮಾಡು. ಆ ಡಬ್ಬಿಯಲ್ಲಿ ಗೆಸ್ಟ್ ಅಂತ ಬೇರೆ ಒಂದು ನೆಟ್‌ವರ್ಕ್ ಉಂಟು. ಬಂದವರಿಗೆ ಕೊಡ್ಲಿಕ್ಕೆ. ಅದಕ್ಕೆ ಬೇರೆ ಪಾಸ್‌ವರ್ಡ್ ಇಡ್ಬಹುದು. ಅದರಲ್ಲಿ ಬಂದವರಿಗೆ ನೆಟ್ ಸಿಗ್ತದೆ, ವೀಣಾಳ ಕಂಪ್ಯೂಟರ್ ಕಾಣುದಿಲ್ಲ."

ನನಗೆ ಥಟ್ಟನೆ ಅರ್ಥವಾಯಿತು. ಇದು ಜಗಲಿ! ನಮ್ಮ ಹಿರಿಯರು ಯಾವತ್ತೋ ಮಾಡಿದ್ದು. ಬಂದವರು ಜಗಲಿಯಲ್ಲಿ ಕೂರಲಿ, ನೀರು ಕುಡಿಯಲಿ, ಎಲೆ ಅಡಿಕೆ ಹಾಕಲಿ. ಒಳಕೋಣೆಯ ಪೆಟ್ಟಿಗೆಯಲ್ಲಿ ಏನಿದೆ ಎಂದು ಅವರಿಗೆ ಯಾಕೆ? ಇದನ್ನು ಕಂಡುಹಿಡಿಯಲು ಇಷ್ಟು ಕಾಲ ಬೇಕಾಯಿತೇ ಈ ಕಂಪ್ಯೂಟರಿನವರಿಗೆ?

ಫೋನಿನಲ್ಲಿ ಹರೀಶ ಹೇಳುವುದು, ನಾನು ಅದನ್ನು ರೇಣುಕಾಳಿಗೆ ದಾಟಿಸುವುದು, ಅವಳು ಒತ್ತುವುದು. ಮೊದಲು ಡಬ್ಬಿಯ ಹಿಂದಿನಿಂದ ಒಂದು ಹಳದಿ ವಯರ್ ತೆಗೆದು ಅವಳ ಲ್ಯಾಪ್‌ಟಾಪಿಗೆ ಚುಚ್ಚಿದೆವು. ಆಮೇಲೆ ನೂರ ತೊಂಬತ್ತೆರಡು, ಚುಕ್ಕಿ, ನೂರ ಅರವತ್ತೆಂಟು, ಚುಕ್ಕಿ, ಒಂದು, ಚುಕ್ಕಿ, ಒಂದು. ಅದು ಡಬ್ಬಿಯ ಮನೆ ನಂಬರಂತೆ. ಬಾಗಿಲಲ್ಲಿ ಹೆಸರು ಕೇಳಿತು. ಅಡ್ಮಿನ್. ಪಾಸ್‌ವರ್ಡ್ ಕೇಳಿತು. ಅದೂ ಅಡ್ಮಿನ್.

"ಎರಡೂ ಒಂದೇಯಾ?" ಎಂದು ಕೇಳಿದೆ.

"ಫ್ಯಾಕ್ಟರಿಯಿಂದ ಬರುವಾಗಲೇ ಹಾಗೆ ಅಮ್ಮ. ಬದಲಿಸ್ಬೇಕಿತ್ತು. ಮರೆತುಹೋಯ್ತು."

ನೋಡಿ. ಮನೆಯ ಬಾಗಿಲಿಗೆ ಮೊಮ್ಮಗಳ ಹೆಸರಿನ ಬೀಗ, ಆ ಬೀಗದ ಕೀಲಿ ಇಟ್ಟ ಪೆಟ್ಟಿಗೆಗೆ ಊರಿಗೆಲ್ಲ ಒಂದೇ ಕೀಲಿ. ಲಾರೆನ್ಸರನ್ನು ಬರಿಗೈಯಲ್ಲಿ ಕಳಿಸಿದ್ದು ಇದನ್ನು ಕಾಯಲಿಕ್ಕೆ!

"ಈಗ ವೈರ್‌ಲೆಸ್ ಅಂತ ಉಂಟು, ಅದನ್ನು ಒತ್ತಲಿ," ಎಂದ ಹರೀಶ. ನಾನು ಹೇಳಿದೆ, ಅವಳು ಒತ್ತಿದಳು. ಅಷ್ಟರಲ್ಲಿ ಫೋನಿನಲ್ಲಿ ಅವನ ಬೊಬ್ಬೆ.

"ಅಮ್ಮಾ! ಆ ಪೇಜಿನಲ್ಲಿ ನಮ್ಮ ಪಾಸ್‌ವರ್ಡ್ ಹಾಗೇ ಕಾಣ್ತದೆ! ಮುಚ್ಚು!"

"ಎಲ್ಲಿ ಉಂಟು?"

"ಮಧ್ಯದಲ್ಲಿ!"

ಆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಇರುವೆ ಸಾಲು ಹೋದ ಹಾಗೆ. ಎಲ್ಲವೂ ನನಗೆ ಮಧ್ಯವೇ. ಯಾವುದು ನಮ್ಮ ಪುಟ್ಟಿ, ಯಾವುದು ಕಂಪೆನಿಯ ಹೆಸರು? ಕೈಯಲ್ಲಿದ್ದ ಮಗುವಿನ ಬಟ್ಟೆಯನ್ನು ಪೂರ್ತಿ ಪರದೆಯ ಮೇಲೆ ಹಾಕಿದೆ.

"ಅಜ್ಜಿ," ಎಂದಳು ರೇಣುಕಾ ಮೆಲ್ಲಗೆ, "ಈಗ ನನಗೂ ಏನೂ ಕಾಣವಲ್ದರಿ."

"ನೀನು ಮೇಲಿನದ್ದು ನೋಡಬಾರದು. ಕೆಳಗಿನದ್ದು ಮಾತ್ರ ನೋಡು."

ಬಟ್ಟೆಯನ್ನು ಕೆಳಗಿನಿಂದ ಬೆರಳಿನಷ್ಟು ಬೆರಳಿನಷ್ಟೇ ಎತ್ತಿದೆ. ಅವಳು ಕತ್ತು ಬಾಗಿಸಿ ಹುಡುಕಿದಳು. ಗೆಸ್ಟ್ ಸಿಕ್ಕಿತು. ಅದಕ್ಕೊಂದು ಟಿಕ್ ಹಾಕಿದಳು. "ಇದಕ್ಕ ಪಾಸ್‌ವರ್ಡ್ ಏನ್ ಇಡೂನ್ರಿ ಅಜ್ಜಿ?" ಎಂದಳು. "ಬೆಲ್ಲನೀರು" ಎಂದೆ. ಬಂದವರಿಗೆ ಮತ್ತೇನು ಕೊಡುವುದು?

ಅವಳು ಒತ್ತಿದಳು. ಪುಟ ಕೆಳಕ್ಕೆ ಸರಿಯಿತು. ಬಟ್ಟೆ ಸರಿಯಲಿಲ್ಲ.

ಒಂದು ಕ್ಷಣ. ಮತ್ತೆ ಬಟ್ಟೆ ಎಳೆದು ಮುಚ್ಚಿದೆ. ಆದರೆ ಮುಚ್ಚಿದ್ದು ಸರಿಯಾದ ಜಾಗವನ್ನೋ ಎಂದು ಯಾರನ್ನು ಕೇಳಲಿ? ಇದ್ದದ್ದು ಅವಳೊಬ್ಬಳೇ.

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಅರ್ಜಿ ಹೋಯಿತು. ರೇಣುಕಾ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ವಯರ್ ಸುತ್ತುತ್ತ, ತುಂಬ ಸಂಕೋಚದಿಂದ ಹೇಳಿದಳು.

"ಅಜ್ಜಿ, ಒಂದ್ ಮಾತು. ಈ ವಯರ್ ಹಾಕಿದ ಕೂಡ್ಲೇ ನೆಟ್ ಬಂದಿತ್ರಿ. ಪಾಸ್‌ವರ್ಡ್ ಬೇಕಾಗಿರ್ಲಿಲ್ಲ. ನಾ ಗಡಿಬಿಡ್ಯಾಗ ನೋಡ್ಲಿಲ್ಲ."

ನಾನು ಕುರ್ಚಿಯಲ್ಲಿ ಕೂತೆ. ಅಂದರೆ ಆ ಪುಟ ತೆರೆಯುವುದೇ ಬೇಡವಾಗಿತ್ತು.

"ನೀನು ಅದರಲ್ಲಿ ಎಂತಾದರೂ ಓದಿದೆಯಾ ಮಗಾ?"

"ಏನೂ ಓದಿಲ್ರಿ ಅಜ್ಜಿ." ಬಹಳ ಬೇಗ ಹೇಳಿದಳು. ಹೇಳುವಾಗ ನನ್ನನ್ನು ನೋಡಲಿಲ್ಲ, ಖಾಲಿ ತೊಟ್ಟಿಲನ್ನು ನೋಡಿದಳು.

ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ಪುಟ್ಟಿಗೆ ಎಣ್ಣೆ ತಿಕ್ಕುವಾಗಲೂ ಅದೇ ಯೋಚನೆ. ಸುಜಯಳಿಗೆ ಫೋನಿನಲ್ಲಿ ಹೇಳಲೇ? ಹೇಳಿದರೆ ಮತ್ತೆ ಪಡುಬಿದ್ರಿಯ ಆ ಮುಖ. ಹೇಳದಿದ್ದರೆ ನಾನು ಮೋಸ ಮಾಡಿದ ಹಾಗೆ. ರೇಣುಕಾ ಕಾಲೇಜಿನಿಂದ ಬಂದವಳು ದಿನವೂ ತೊಟ್ಟಿಲಿಗೆ ಬಗ್ಗಿ "ಪುಟ್ಟಿ, ಪುಟ್ಟೀ" ಎನ್ನುತ್ತಿದ್ದಳು. ಮೊದಲಿಗಿಂತ ಸ್ವಲ್ಪ ಜೋರಾಗಿಯೇ ಎನ್ನುತ್ತಿದ್ದಳು ಎಂದು ನನಗೆ ಅನಿಸಿತು. ಅನುಮಾನ ಬಂದ ಮೇಲೆ ಎಲ್ಲವೂ ಜೋರಾಗಿಯೇ ಕೇಳುತ್ತದೆ.

ಹೆಸರಿಡುವ ದಿನ ಬಂತು. ವೀಣಾಳ ತವರಿನವರು ಕಡಿಯಾಳಿಯಿಂದ ಬಂದರು. ಲಾರೆನ್ಸ್ ಬಂದರು (ಬಂದವರೇ ಬೆಲ್ಲನೀರು ಒತ್ತಿಕೊಂಡು ಸಮಾಧಾನಪಟ್ಟರು). ಕಾಪುವಿನವರೂ ಬಂದರು. ಗೋಡೆಯ ಮೇಲೆ ನಾನು ಒಂದು ಬಲೂನು ಕೂಡ ಕಟ್ಟಲು ಬಿಟ್ಟಿರಲಿಲ್ಲ.

ಸುಜಯ ತೊಟ್ಟಿಲ ಹತ್ತಿರ ಬಂದಳು. ಒಮ್ಮೆ ಸುತ್ತ ನೋಡಿದಳು. ಮಕ್ಕಳ ಕಡೆಗೆ ನೋಡಿದಳು. ಯಾರೂ ಕೂಗಲಿಲ್ಲ, ಕೂಗಲು ಹೆಸರು ಯಾರಿಗೂ ಗೊತ್ತಿರಲಿಲ್ಲ. ಬಗ್ಗಿ, ಕೈ ಅಡ್ಡ ಹಿಡಿದು, ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದಳು. ಪುಟ್ಟಿ ಕಣ್ಣು ದೊಡ್ಡದು ಮಾಡಿ ಕೇಳಿದಳು. ಕೇಳಿ ನಕ್ಕಳು! (ಸಂಪಾದಕರು ಕ್ಷಮಿಸಬೇಕು. ನಕ್ಕದ್ದು ನಿಜ. ಇಪ್ಪತ್ತು ಜನ ನೋಡಿದ್ದಾರೆ.)

ಸುಜಯ ಎದ್ದು ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಲ್ಲರೂ ಕಾಯುತ್ತಿದ್ದರು. ಆಗ ಬಾಗಿಲ ಹತ್ತಿರದಿಂದ ರೇಣುಕಾಳ ಸ್ವರ ಬಂತು.

"ಅಕ್ಕಾರ, ಏನಂತ ಇಟ್ರಿ ಹೆಸರು? ನಮಗೂ ಹೇಳ್ರಿ!"

ಸುಜಯ ಮಗುವನ್ನು ಎತ್ತಿಕೊಂಡು ಬಾಗಿಲ ಕಡೆಗೆ ತಿರುಗಿ, ಇಡೀ ಮನೆಗೆ ಕೇಳುವ ಹಾಗೆ ಹೇಳಿದಳು.

"ಸನ್ನಿಧಿ."

"ಭಾಳ ಚಂದ ಐತ್ರಿ," ಎಂದಳು ರೇಣುಕಾ. ಮೊದಲ ಸಲ ಕೇಳಿದವರ ಮುಖ ಹೇಗಿರುತ್ತದೋ ಹಾಗೆಯೇ ಇತ್ತು ಅವಳ ಮುಖ. ನನ್ನ ಎದೆಯ ಭಾರ ಇಳಿಯಿತು. ಪಾಪದ ಹುಡುಗಿ, ಓದಿಯೇ ಇರಲಿಲ್ಲ!

ಸಂಜೆ ಎಲ್ಲರೂ ಹೋದ ಮೇಲೆ ಸುಜಯ ಮತ್ತು ನಾನು ಉಡುಗೊರೆ ಬಿಚ್ಚಲು ಕೂತೆವು. ಒಂದು ಸಣ್ಣ ಕವರಿನಲ್ಲಿ ಕಪ್ಪು ಮಣಿಯ ಎರಡು ಕೈಬಳೆ ಇದ್ದವು. ರೇಣುಕಾ ಕೊಟ್ಟದ್ದು. ಬೆಳಿಗ್ಗೆ ಕಾರ್ಯ ಶುರುವಾಗುವ ಮೊದಲೇ ನನ್ನ ಕೈಗಿಟ್ಟು, "ಆಮೇಲೆ ತಗೀರಿ ಅಜ್ಜಿ" ಎಂದಿದ್ದಳು. ಒಳಗೆ ಮಡಚಿದ ಒಂದು ಚೀಟಿ. ನೀಲಿ ಶಾಯಿ, ದುಂಡು ಕನ್ನಡ ಅಕ್ಷರ. "ಸನ್ನಿಧಿ ಪುಟ್ಟಿಗೆ."

ಸುಜಯ ಓದಿದಳು. ಮತ್ತೊಮ್ಮೆ ಓದಿದಳು.

"ಇದು ಬೆಳಿಗ್ಗೆ ಕೊಟ್ಟದ್ದಾ ಅಮ್ಮ?"

ಇನ್ನು ಮುಚ್ಚಲು ನನ್ನ ಕೈಯಲ್ಲಿ ಬಟ್ಟೆ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಡಬ್ಬಿ, ಅರ್ಜಿ, ಹಳದಿ ವಯರ್, ಸರಿದ ಪುಟ. ಹೇಳಿ ಮುಗಿಸಿ ಬೈಸಿಕೊಳ್ಳಲು ತಯಾರಾಗಿ ಕೂತೆ.

ಸುಜಯ ಚೀಟಿಯನ್ನು ಹಿಡಿದುಕೊಂಡೇ ಇದ್ದಳು.

"ಹನ್ನೊಂದು ದಿನ ಬಾಯಿ ಬಿಡಲಿಲ್ವಾ ಅವಳು?" ಎಂದಳು. "ನಮ್ಮ ಕಾಪುವಿನವರಿಗೆ ನಾನು ಬಗ್ಗುವಷ್ಟು ಹೊತ್ತು ತಡೆಯಲಿಕ್ಕೆ ಆಗಲಿಲ್ಲ."

ಆಮೇಲೆ ಎದ್ದು ಆ ಎರಡು ಬಳೆಯನ್ನು ತಾನೇ ಮಗುವಿನ ಕೈಗೆ ಹಾಕಿದಳು. ಉಡುಗೊರೆ ಬಂದ ಚಿನ್ನದ ಬಳೆಗಳು ಪೆಟ್ಟಿಗೆಯಲ್ಲೇ ಉಳಿದವು.

ಮರುದಿನ ಹರೀಶ ಡಬ್ಬಿಯ ಎಲ್ಲ ಕೀಲಿಯನ್ನೂ ಬದಲಿಸಿದ, ಆ ಅಡ್ಮಿನ್ ಸಮೇತ. ಮನೆಯ ಹೊಸ ಪಾಸ್‌ವರ್ಡ್ ಏನೆಂದು ನನಗೆ ಹೇಳಿಲ್ಲ. ಹೇಳಿದರೆ ನಾನು ಇಲ್ಲಿ ಬರೆದುಬಿಡುತ್ತೇನೆ ಎಂದು ಅವನ ಹೆದರಿಕೆ. ರೇಣುಕಾಳಿಗೆ ಮಾತ್ರ ಚೀಟಿಯಲ್ಲಿ ಬರೆದು ಕೊಟ್ಟಿದ್ದಾನೆ. ಸುಜಯಳೇ ಕೊಡಿಸಿ ಕಾರ್ಕಳಕ್ಕೆ ಹೋದದ್ದು.

ಮಣಿಪಾಲದಲ್ಲಿ ಇಷ್ಟೊಂದು ಕಾಲೇಜುಗಳಿವೆ, ದೇಶದ ಎಲ್ಲ ಕಡೆಯಿಂದ ಮಕ್ಕಳು ಬಂದು ಓದುತ್ತಾರೆ. ಗೊತ್ತಿದ್ದ ಮಾತನ್ನು ಗೊತ್ತಿಲ್ಲದವರ ಹಾಗೆ ಬಾಗಿಲಲ್ಲಿ ನಿಂತು ಕೇಳುವುದನ್ನು ಇವುಗಳಲ್ಲಿ ಯಾವುದು ಕಲಿಸುತ್ತದೆ?